ದೊಡ್ಡಮ್ಮನ ಹಾಡೂ ಮನೆಯ ಸ್ಟುಡಿಯೋವೂ

ಹಿಂದೆ ನಡುಮನೆಯ ಮೂಲೆಯಲ್ಲಿ ಒಂದು ಹಾರ್ಮೋನಿಯಂ ಇದ್ದರೆ ಅದು ಆ ಸಂಸಾರದ ಸಂಸ್ಕಾರಕ್ಕೆ ಸಾಕ್ಷಿಯೆಂದು ಹೆಣ್ಣು ನೋಡಲು ಬಂದ ಬೀಗರು ಬಗೆಯುತ್ತಿದ್ದರು. ಈಗ ಆ ಮೂಲೆಗೆ ಮೈಕು ಬಂದು ಕುಳಿತಿದೆ. ಮಗಳು ಸಂಗೀತದ ಪಾಠಕ್ಕೆ ಹೋಗುತ್ತಾಳೆ; ಅವಳು ಕಲಿತ ಕೀರ್ತನೆಯನ್ನು ಅಮೆರಿಕದಲ್ಲಿರುವ ಚಿಕ್ಕಪ್ಪನಿಗೆ ಕಳುಹಿಸಬೇಕು. ಮಗನಿಗೆ ಗಿಟಾರಿನ ಹುಚ್ಚು. ನಿವೃತ್ತರಾದ ಯಜಮಾನರಿಗೆ ಕುಮಾರವ್ಯಾಸನನ್ನು ವಾಚನಮಾಡಿ ಮೊಮ್ಮಕ್ಕಳಿಗಾಗಿ ಉಳಿಸಿಹೋಗುವ ಬಯಕೆ. ಮೂವರೂ ಕೇಳುವ ಪ್ರಶ್ನೆ ಮಾತ್ರ ಒಂದೇ: "ಯಾವ ಮೈಕು ಕೊಳ್ಳೋಣ?"

ಹಳಗನ್ನಡ ಬೋಧಿಸುವವನ ಮುಂದೆ ಈ ಪ್ರಶ್ನೆ ಏಕೆ ಬರಬೇಕು ಎಂದು ವಾಚಕರು ಕೇಳಬಹುದು. ಕಾರಣವಿದೆ. ನಮ್ಮ ಕಾಲೇಜಿನಲ್ಲಿ ಜಾನಪದದ ಪಾಠವೂ ನನ್ನ ಪಾಲಿಗೇ ಬಂದಿದೆ. ಪ್ರತಿ ವರ್ಷವೂ ವಿದ್ಯಾರ್ಥಿಗಳು ತಂತಮ್ಮ ಊರಿಗೆ ಹೋಗಿ ಅಜ್ಜಿಯರ ಹಾಡುಗಳನ್ನು ಫೋನಿನಲ್ಲೋ ಬೇರೊಂದು ಯಂತ್ರದಲ್ಲೋ ಹಿಡಿದು ತರುತ್ತಾರೆ. ಅಂಕ ಕೊಡಬೇಕಾದವನು ಕೇಳದೆ ವಿಧಿಯಿಲ್ಲ. ಮೊದಲು ಫ್ಯಾನಿನ ಮೊರೆತ, ಅದರ ಮೇಲೆ ಟಿ.ವಿ.ಯ ಧಾರಾವಾಹಿ, ಅದರ ಮೇಲೆ ನಾಯಿಯ ಬೊಗಳು; ಇವೆಲ್ಲದರ ತಳದಲ್ಲಿ, ಬಾವಿಯಲ್ಲಿ ಬಿದ್ದವರು ಕೂಗಿದಂತೆ, ಅಜ್ಜಿ. ಇಂಥ ನೂರಾರು ಮುದ್ರಣಗಳನ್ನು ಕೇಳಿ ಕಿವಿಗೆ ಒಂದು ವಿದ್ಯೆ ತಾನಾಗಿ ಹತ್ತಿದೆ. ಯಾವುದು ಏಕೆ ಕೆಟ್ಟಿತೆಂಬುದನ್ನು ಈಗ ಹೇಳಬಲ್ಲೆ. ನಮ್ಮ ಭೌತಶಾಸ್ತ್ರ ವಿಭಾಗದ ಮಿತ್ರರೊಬ್ಬರು ಅದರ ಹಿಂದಿನ ಲೆಕ್ಕವನ್ನು ತಿಳಿಯಹೇಳಿದ್ದಾರೆ.

ಮೇಷ್ಟರು ಮನೆಯಲ್ಲಿ ಕುಳಿತು ಧ್ವನಿಯೊಡನೆ ಸೆಣಸುವುದು ನಮ್ಮ ನಾಡಿಗೆ ಹೊಸದೂ ಅಲ್ಲ. ೧೯೩೫ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಸ್ವಂತ ಮನೆಯಿಂದಲೇ ಬಾನುಲಿ ಕೇಂದ್ರವೊಂದನ್ನು ನಡೆಸತೊಡಗಿದರು. ಅದಕ್ಕೆ ಇಟ್ಟ ಹೆಸರೇ 'ಆಕಾಶವಾಣಿ'. ಮುಂದೆ ಇಡೀ ದೇಶದ ಬಾನುಲಿಗೆ ಆ ಹೆಸರೇ ನಿಂತಿತು. ಅವರಿಗೆ ಬೇಕಾಗಿದ್ದ ಯಂತ್ರಸಾಮಗ್ರಿಗೂ ಇಂದು ನಮಗೆ ಬೇಕಾದುದಕ್ಕೂ ಹೋಲಿಕೆಯೇ ಇಲ್ಲ. ನಮ್ಮದು ಒಂದು ಕೈಚೀಲದಲ್ಲಿ ಹಿಡಿಯುತ್ತದೆ. ಆದುದರಿಂದಲೇ ಅದನ್ನು ಕೊಳ್ಳುವುದು ಸುಲಭ. ಕೊಂಡು ಅಟ್ಟಕ್ಕೆ ಹಾಕುವುದು ಇನ್ನೂ ಸುಲಭ.

ಅಂಗಡಿಯವರ ಕ್ರಮ ಹೀಗೆ: ಮೊದಲು ಮೈಕು, ಆಮೇಲೆ ಅದಕ್ಕೆ ತಕ್ಕ ಪೆಟ್ಟಿಗೆ, ಆಮೇಲೆ ಸಾಫ್ಟ್‌ವೇರು, ಕಟ್ಟಕಡೆಗೆ, ಕೈಯಲ್ಲಿ ಕಾಸು ಉಳಿಯದಿರುವಾಗ, ಎಲ್ಲಿ ಕುಳಿತು ಹಾಡುವುದು ಎಂಬ ಯೋಚನೆ. ನಾನು ಹೇಳುವ ಕ್ರಮ ಇದಕ್ಕೆ ತಿರುಗುಮುರುಗು. ಮೊದಲು ಕೋಣೆ, ಆಮೇಲೆ ಹೊತ್ತು, ಆಮೇಲೆ ಮೈಕನ್ನು ಇಡುವ ಜಾಗ, ಆಮೇಲೆ ಮೈಕು. ಒಳ್ಳೆಯ ಕೋಣೆಯಲ್ಲಿ ಫೋನು ಹಿಡಿದ ಹಾಡು, ಕೆಟ್ಟ ಕೋಣೆಯಲ್ಲಿ ಇಪ್ಪತ್ತು ಸಾವಿರ ರೂಪಾಯಿಯ ಮೈಕು ಹಿಡಿದ ಹಾಡಿಗಿಂತ ಚೆನ್ನಾಗಿರುತ್ತದೆ. ಇದನ್ನು ಪಂಥ ಕಟ್ಟಿ ಹೇಳಬಲ್ಲೆ.

ಕೋಣೆಯ ಪರೀಕ್ಷೆಗೆ ಯಂತ್ರವೇನೂ ಬೇಡ. ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ ಕಿವಿಗೊಡಿ. ಚಪ್ಪಾಳೆಯ ಹಿಂದೆಯೇ 'ಝಣ್' ಎಂದು ಒಂದು ಬಾಲ ಬಂದರೆ ಆ ಕೋಣೆ ಹಾಡಿಗೆ ಆಗದು. ಧ್ವನಿ ಸೆಕೆಂಡಿಗೆ ಸುಮಾರು ೩೪೩ ಮೀಟರು ಓಡುತ್ತದೆ. ಹತ್ತಡಿ ಅಗಲದ ಕೋಣೆಯ ನಡುವೆ ಕುಳಿತವರ ದನಿ ಗೋಡೆಯನ್ನು ಮುಟ್ಟಿ ಹಿಂದಿರುಗಲು ಸೆಕೆಂಡಿನ ನೂರರಲ್ಲೊಂದು ಪಾಲೂ ಹಿಡಿಯದು. ಹೀಗೆ ಎದುರುಬದುರು ಗೋಡೆಗಳು ಚೆಂಡಾಟವಾಡಿದ ದನಿಯೆಲ್ಲ ಮೂಲದ ದನಿಯ ಮೇಲೆ ಬಂದು ಕವಿಯುತ್ತದೆ. ಎದುರಿಗೆ ಕುಳಿತು ಕೇಳುವಾಗ ಇದು ನಮಗೆ ತಿಳಿಯುವುದಿಲ್ಲ. ಎರಡು ಕಿವಿಯೂ ಒಂದು ಮನಸ್ಸೂ ಸೇರಿ ಬೇಡದ್ದನ್ನು ಬದಿಗೊತ್ತುತ್ತವೆ. ಮೈಕಿಗೆ ಮನಸ್ಸಿಲ್ಲ. ಬಂದದ್ದನ್ನೆಲ್ಲ ನುಂಗುತ್ತದೆ.

ನಮ್ಮ ಹೊಸ ಮನೆಗಳು ಈ ವಿಷಯದಲ್ಲಿ ಬಲು ಕಠಿಣ. ನೆಲಕ್ಕೆ ಹೊಳೆಯುವ ಟೈಲ್ಸು, ಗೋಡೆಗೆ ನುಣುಪು ಬಣ್ಣ, ಕಿಟಕಿಗೆ ದೊಡ್ಡ ಗಾಜು. ಕಣ್ಣಿಗೆ ಹಬ್ಬ, ಕಿವಿಗೆ ಬಚ್ಚಲುಮನೆ. ಮನೆಯಲ್ಲಿ ಹಾಡಿಗೆ ತಕ್ಕ ಜಾಗ ಯಾವುದೆಂದರೆ ಅತಿಥಿಗಳಿಗೆ ತೋರಿಸಲು ನಾಚುವ ಕೋಣೆ: ಹಾಸಿಗೆಗಳನ್ನು ಒಟ್ಟಿರುವ, ಬಟ್ಟೆ ತೂಗುಹಾಕಿರುವ, ಹಳೆಯ ಪುಸ್ತಕದ ಕಪಾಟು ಅರೆಬರೆ ತುಂಬಿರುವ ಕೋಣೆ. ಅಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಇಂಗುತ್ತದೆ. ಅಂಥದೊಂದು ಇಲ್ಲವಾದರೆ ಹಾಡುವವರ ಹಿಂದೆಯೂ ಎರಡು ಮಗ್ಗುಲಿಗೂ ದಪ್ಪ ರಜಾಯಿಯನ್ನೋ ಕೌದಿಯನ್ನೋ ಇಳಿಬಿಡಿ. ಕಾಲಡಿಗೆ ಜಮಖಾನ ಹಾಸಿ. ಬಟ್ಟೆ ಒಣಗಿಸುವ ಮಡಿಸುವ ಚೌಕಟ್ಟು ಇದಕ್ಕೆ ಹೇಳಿಮಾಡಿಸಿದಂತಿರುತ್ತದೆ.

ಗೋಡೆಗೆಲ್ಲ ಕೋಳಿಮೊಟ್ಟೆಯ ರಟ್ಟಿನ ತಟ್ಟೆಗಳನ್ನು ಅಂಟಿಸುವ ಒಂದು ಸಂಪ್ರದಾಯ ಎಲ್ಲಿಂದಲೋ ಹಬ್ಬಿದೆ. ಅದರಿಂದ ಗೋಡೆ ಕುರೂಪವಾಗುವುದಲ್ಲದೆ ಹೆಚ್ಚಿನ ಲಾಭವಿಲ್ಲ. ರಟ್ಟು ತೆಳು, ತಗ್ಗಿನ ಸ್ವರಗಳನ್ನು ಅದು ಹೀರಲಾರದು, ಹೊರಗಿನ ಸದ್ದನ್ನಂತೂ ತಡೆಯಲೇ ಆರದು. ಬೆಂಕಿ ತಗಲಿದರೆ ಮಾತ್ರ ಚೆನ್ನಾಗಿ ಉರಿಯುತ್ತದೆ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಸದ್ದನ್ನು ಹೀರುವುದು ಬೇರೆ, ತಡೆಯುವುದು ಬೇರೆ. ಕೌದಿ ಕೋಣೆಯೊಳಗಿನ ಪ್ರತಿಧ್ವನಿಯನ್ನು ಹೀರುತ್ತದೆಯೇ ಹೊರತು ಬೀದಿಯ ಆಟೋರಿಕ್ಷಾವನ್ನು ನಿಲ್ಲಿಸುವುದಿಲ್ಲ. ಅದನ್ನು ನಿಲ್ಲಿಸಲು ದಪ್ಪ ಗೋಡೆ, ಭಾರದ ಬಾಗಿಲು, ಗಾಳಿಯಾಡಲೂ ಸಂದಿಯಿಲ್ಲದ ಕಿಟಕಿ ಬೇಕು. ಬಾಡಿಗೆಯ ಮನೆಯಲ್ಲಿ ಇದು ಆಗುಹೋಗುವ ಮಾತಲ್ಲ. ಆದುದರಿಂದ ಗೋಡೆಯನ್ನು ಬದಲಾಯಿಸಲಾರದವರು ಹೊತ್ತನ್ನು ಬದಲಾಯಿಸಬೇಕು. ಬೆಂಗಳೂರಿನಂಥ ಊರಿನಲ್ಲಿ ರಾತ್ರಿ ಹನ್ನೊಂದರ ಮೇಲೆ, ಇಲ್ಲವೆ ಹಾಲಿನವನೂ ಪತ್ರಿಕೆಯ ಹುಡುಗನೂ ಬರುವ ಮೊದಲು, ಒಂದಿಷ್ಟು ಮೌನ ಇನ್ನೂ ಸಿಗುತ್ತದೆ. ಫ್ಯಾನು ನಿಲ್ಲಿಸಿ. ಫ್ರಿಜ್ಜನ್ನೂ ಆರಿಸಿ, ಆರಿಸಿದ ಕೂಡಲೇ ಸ್ಕೂಟರಿನ ಬೀಗದಕೈಯನ್ನು ಅದರೊಳಗೆ ಇಟ್ಟುಬಿಡಿ. ಹೊರಡುವಾಗ ಅದನ್ನು ತೆಗೆಯಲು ಹೋಗಲೇಬೇಕು, ಆಗ ಫ್ರಿಜ್ಜಿನ ನೆನಪಾಗಲೇಬೇಕು. ಮರುದಿನ ಮೊಸರು ಹುಳಿಯಾಯಿತೆಂದು ಮನೆಯಾಕೆಯಿಂದ ಮಾತು ಕೇಳುವ ಪ್ರಮೇಯ ತಪ್ಪುತ್ತದೆ.

ಇನ್ನು ಮೈಕು. ಪೇಟೆಯಲ್ಲಿ ಎರಡು ಜಾತಿ ಮುಖ್ಯ. ಕಂಡೆನ್ಸರ್ ಎಂಬುದು ಬಹು ಸೂಕ್ಷ್ಮ. ಉಸಿರಿನ ಎಳೆಯನ್ನೂ ಹಿಡಿಯುತ್ತದೆ. ಅದಕ್ಕೆ ಸಾಮಾನ್ಯವಾಗಿ ೪೮ ವೋಲ್ಟಿನ ವಿದ್ಯುತ್ತನ್ನು ಕೇಬಲಿನ ಮೂಲಕವೇ ಉಣಿಸಬೇಕು. ಡೈನಮಿಕ್ ಎಂಬುದು ಸ್ವಲ್ಪ ಮಂದ. ಬಾಯಿಯ ಹತ್ತಿರ ಹಿಡಿದರೆ ಮಾತ್ರ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ. ಸಭೆಗಳಲ್ಲಿ ಭಾಷಣಕಾರರ ಕೈಯಲ್ಲಿರುವುದು ಹೆಚ್ಚಾಗಿ ಇದೇ. ಸೂಕ್ಷ್ಮವಾದುದೇ ಶ್ರೇಷ್ಠವೆಂದು ಅಂಗಡಿಯಲ್ಲಿ ಹೇಳುತ್ತಾರೆ. ನೆರೆಮನೆಯ ಮಿಕ್ಸಿಯನ್ನೂ ಸೂಕ್ಷ್ಮವಾಗಿ ಹಿಡಿಯುವ ಶ್ರೇಷ್ಠತೆ ನಮಗೇಕೆ? ಗದ್ದಲದ ಬೀದಿಯಲ್ಲಿ ಮನೆ ಮಾಡಿರುವವರು ಡೈನಮಿಕ್ ಕೊಳ್ಳುವುದೇ ಜಾಣತನ ಎಂಬುದು ನನ್ನ ಮತ. ಕೋಣೆ ಶಾಂತವಾಗಿದ್ದು, ಹಾಡುವವರ ದನಿ ಮೆಲುವಾಗಿದ್ದರೆ ಕಂಡೆನ್ಸರ್ ಆಗಬಹುದು.

ಎರಡರಲ್ಲೂ ಮನೆಗೆ ಒಗ್ಗುವುದು ಹೃದಯಾಕಾರದ ಕಿವಿಯುಳ್ಳ ಮೈಕು. ಅದರ ಎದುರಿಗೆ ಬಂದದ್ದು ಚೆನ್ನಾಗಿ ಕೇಳುತ್ತದೆ, ಬೆನ್ನಿಗೆ ಬಂದದ್ದಕ್ಕೆ ಕಿವುಡು. ಆದುದರಿಂದ ಮೈಕಿನ ಬೆನ್ನು ಬೀದಿಯ ಕಿಟಕಿಯ ಕಡೆಗೆ ಇರುವಂತೆ ಇಡಬೇಕು. ಹಾಡುವವರ ಬೆನ್ನ ಹಿಂದೆ ಕೌದಿ ಇರಬೇಕು. ಬಾಯಿಗೂ ಮೈಕಿಗೂ ಎಷ್ಟು ದೂರ? ಅಳತೆಪಟ್ಟಿ ಬೇಡ, ಒಂದು ಗೇಣು. ದೂರ ಎರಡರಷ್ಟಾದರೆ ನೇರವಾಗಿ ಬರುವ ದನಿಯ ಶಕ್ತಿ ನಾಲ್ಕರಲ್ಲೊಂದಕ್ಕೆ ಇಳಿಯುತ್ತದೆ. ಕೋಣೆಯ ಪ್ರತಿಧ್ವನಿ ಮಾತ್ರ ಇದ್ದಷ್ಟೇ ಇರುತ್ತದೆ. ವಿದ್ಯಾರ್ಥಿಗಳು ಸಂಕೋಚದಿಂದ ಫೋನನ್ನು ಆರಡಿ ಆಚೆ ಮೇಜಿನ ಮೇಲಿಟ್ಟಾಗ ಅಜ್ಜಿ ಬಾವಿಗೆ ಬೀಳುವುದು ಇದರಿಂದಲೇ. ತೀರ ಹತ್ತಿರ ಹೋದರೂ ತೊಂದರೆ. ತಗ್ಗಿನ ಸ್ವರಗಳು ಅಸಹಜವಾಗಿ ಉಬ್ಬಿ ಹೆಂಗಸರ ದನಿಗೂ ಗಂಡುಗಂಟಲು ಬಂದಂತಾಗುತ್ತದೆ.

ಮೈಕು ಬಂದ ದಿನ ಎಲ್ಲರೂ "ಹಲೋ ಹಲೋ" ಎನ್ನುತ್ತಾರೆ. ಇದು ನಿಷ್ಪ್ರಯೋಜಕವಾದ ಪರೀಕ್ಷೆ. "ಪಂಪಭಾರತ" ಎಂದು ಹೇಳಿ ನೋಡಿ. ನಮ್ಮ ವರ್ಣಮಾಲೆಯಲ್ಲಿ ಪವರ್ಗದ ಅಕ್ಷರಗಳು ಓಷ್ಠ್ಯಗಳು. ತುಟಿಗಳು ಮುಚ್ಚಿ ಹಠಾತ್ತನೆ ತೆರೆಯುವಾಗ ಗಾಳಿ ಚಿಮ್ಮುತ್ತದೆ. ಮಹಾಪ್ರಾಣವಾದರಂತೂ ಕೇಳುವುದೇ ಬೇಡ. ಆ ಗಾಳಿ ಮೈಕಿನ ಪೊರೆಗೆ ಬಡಿದು 'ಧಬ್' ಎಂಬ ಗುದ್ದು ಕೇಳಿಸುತ್ತದೆ. ತರಗತಿಯಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ಭೇದ ತಿಳಿಯದ ಹುಡುಗರಿಗೆ ಮೈಕಿನ ಮುಂದೆ ಅರೆನಿಮಿಷದಲ್ಲಿ ತಿಳಿಯಿತು! ಮುಂದಿನ ಪರೀಕ್ಷೆ "ಶೇಷಶಾಯಿ". ಇದರಲ್ಲಿ ಶಕಾರ ಷಕಾರಗಳು ಹಾವಿನಂತೆ ಬುಸುಗುಟ್ಟುತ್ತವೆಯೇ ನೋಡಬೇಕು. ಎರಡಕ್ಕೂ ಪರಿಹಾರ ಒಂದೇ: ಮೈಕನ್ನು ಬಾಯಿಯ ನೇರಕ್ಕೆ ಇಡದೆ ತುಟಿಯ ಅಂಚಿನ ಕಡೆಗೆ ಓರೆಯಾಗಿಸುವುದು. ಪಕಾರದ ಗುದ್ದು ಅಷ್ಟಕ್ಕೂ ಬಗ್ಗದಿದ್ದರೆ ಕಸೂತಿಯ ಬಳೆಗೆ ತೆಳುವಾದ ಕಾಲ್ಚೀಲದ ಬಟ್ಟೆಯನ್ನು ಬಿಗಿದು ನಡುವೆ ನಿಲ್ಲಿಸಬಹುದು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದವು ನಾಭಿಯ ಮೂಲದಲ್ಲಿ ಕಹಳೆಯ ರೀತಿಯಲ್ಲಿ ಹುಟ್ಟುವುದೆಂದೂ ಅದರ ಬಣ್ಣ ಬಿಳಿಯೆಂದೂ ಹೇಳಿದ್ದಾನೆ. ಬಣ್ಣದ ಮಾತು ಹೇಗೇ ಇರಲಿ, ಗಾಳಿಯ ಮಾತಂತೂ ಮೈಕಿನೆದುರಿಗೆ ದಿನವೂ ಸ್ಥಾಪಿತವಾಗುತ್ತಿದೆ.

ಮೈಕಿನಿಂದ ಹೊರಡುವ ವಿದ್ಯುತ್ತು ಬಹಳ ಕ್ಷೀಣವಾದುದು. ಅದನ್ನು ಬಲಪಡಿಸಿ, ಅಂಕಿಗಳನ್ನಾಗಿ ಮಾರ್ಪಡಿಸಿ ಕಂಪ್ಯೂಟರಿಗೆ ಒಪ್ಪಿಸುವ ದುಭಾಷಿಯ ಹೆಸರು ಆಡಿಯೋ ಇಂಟರ್‌ಫೇಸ್. ಯು.ಎಸ್.ಬಿ. ಮೈಕುಗಳಲ್ಲಿ ಈ ದುಭಾಷಿ ಮೈಕಿನ ಹೊಟ್ಟೆಯಲ್ಲಿಯೇ ಇರುತ್ತಾನೆ. ಒಬ್ಬರೇ ಓದುವುದಕ್ಕೆ, ಹಾಡುವುದಕ್ಕೆ ಅದು ಸಾಕು. ಹಾಡಿನ ಜೊತೆಗೆ ಪಿಟೀಲಿಗೋ ಮೃದಂಗಕ್ಕೋ ಬೇರೊಂದು ಮೈಕು ಬೇಕೆನ್ನುವವರು ಎರಡು ಮೈಕು ಸೇರಿಸಬಹುದಾದ ಪ್ರತ್ಯೇಕ ಪೆಟ್ಟಿಗೆ ಕೊಳ್ಳಬೇಕು. ಈ ದುಭಾಷಿಯ ಕೆಲಸವೆಂದರೆ ಸೆಕೆಂಡಿಗೆ ೪೪,೧೦೦ ಸಲವೋ ೪೮,೦೦೦ ಸಲವೋ ದನಿಯ ಎತ್ತರವನ್ನು ಅಳೆದು ಬರೆದುಕೊಳ್ಳುವುದು. ಇಷ್ಟೊಂದು ಏಕೆಂದರೆ, ಮನುಷ್ಯನ ಕಿವಿ ಹೆಚ್ಚೆಂದರೆ ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳವರೆಗೆ ಕೇಳಬಲ್ಲದು. ಅದನ್ನು ನಿಷ್ಠೆಯಿಂದ ದಾಖಲಿಸಲು ಅದರ ಇಮ್ಮಡಿಗಿಂತ ಹೆಚ್ಚು ಸಲ ಅಳೆಯಬೇಕು. ೪೮,೦೦೦ ಮತ್ತು ೨೪ ಬಿಟ್ ಎಂಬ ಎರಡು ಆಯ್ಕೆಗಳನ್ನು ಒಮ್ಮೆ ಗುರುತು ಹಾಕಿದರೆ ಮುಂದೆ ಆ ತಂಟೆಗೆ ಹೋಗಬೇಕಾಗಿಲ್ಲ. ಈ ಲೆಕ್ಕದಲ್ಲಿ ಒಂದು ಮೈಕಿನ ಒಂದು ಗಂಟೆಯ ಹಾಡು ಅರ್ಧ ಜಿ.ಬಿ.ಗಿಂತ ಸ್ವಲ್ಪವೇ ಹೆಚ್ಚು ಜಾಗ ಹಿಡಿಯುತ್ತದೆ. ೬೪ ಜಿ.ಬಿ.ಯ ಪೆನ್‌ಡ್ರೈವಿನಲ್ಲಿ ನೂರು ಗಂಟೆಯ ಹಾಡು ಕುಳಿತೀತು. ನೂರು ಗಂಟೆ ಹಾಡುವ ಅಜ್ಜಿಯರು ಯಾರ ಮನೆಯಲ್ಲಿದ್ದಾರೆ?

ಪೆಟ್ಟಿಗೆಯ ಮೇಲೆ ಗೇನ್ ಎಂಬ ಒಂದು ತಿರುಗಣೆ ಇರುತ್ತದೆ. ಹೊಸಬರ ಅನರ್ಥಗಳಲ್ಲಿ ಮುಕ್ಕಾಲು ಪಾಲು ಇದರಿಂದ. ಹಾಲು ಕಾಯಿಸುವಾಗ ಪಾತ್ರೆಯ ಕಂಠದವರೆಗೆ ಯಾರೂ ತುಂಬಿಸುವುದಿಲ್ಲ. ಉಕ್ಕಲು ಜಾಗ ಬಿಡುತ್ತಾರೆ. ಇಲ್ಲಿಯೂ ಹಾಗೆಯೇ. ತೆರೆಯ ಮೇಲಿನ ಮಾಪಕದಲ್ಲಿ ಸೊನ್ನೆ ಎಂಬುದು ಪಾತ್ರೆಯ ಕಂಠ. ಅತಿ ಜೋರಾದ ಸ್ವರ ಅದಕ್ಕಿಂತ ಹನ್ನೆರಡು ಡೆಸಿಬೆಲ್ ಕೆಳಗೇ ನಿಲ್ಲುವಂತೆ ತಿರುಗಣೆಯನ್ನು ಇಳಿಸಿಡಬೇಕು. ಮೆಲ್ಲಗೆ ಮುದ್ರಿತವಾದುದನ್ನು ಆಮೇಲೆ ಏರಿಸಬಹುದು. ಸೊನ್ನೆಯನ್ನು ದಾಟಿ ಉಕ್ಕಿಹೋದ ಹಾಲನ್ನು ಮತ್ತೆ ಪಾತ್ರೆಗೆ ತುಂಬಲಾಗದು. ಆ ಜಾಗದಲ್ಲಿ ದನಿ ಸೀಳಿ ಕರಕರ ಎನ್ನುತ್ತದೆ. ಪರೀಕ್ಷೆಗೆಂದು ಹಾಡಿಸುವಾಗ ಎಲ್ಲರೂ ಮೆಲುದನಿಯಲ್ಲಿ ಹಾಡಿಬಿಡುತ್ತಾರೆ. ತಾರಸ್ಥಾಯಿಯ ಸಾಲನ್ನೇ ಹಾಡಿಸಿ ನೋಡಬೇಕು.

ಕೇಳಿಕೊಳ್ಳಲು ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನು ಇರಲಿ. ಮೈಕಿನ ಪಕ್ಕದಲ್ಲೇ ಸ್ಪೀಕರು ಹಾಕಿದರೆ ಅದರ ದನಿ ಮೈಕಿಗೆ ಹೊಕ್ಕು ಕೀರೆಂದು ಕೂಗುವುದನ್ನು ಮದುವೆಮನೆಯಲ್ಲಿ ನೀವೆಲ್ಲ ಅನುಭವಿಸಿದ್ದೀರಿ. ಹಾಡಿದ್ದು ಹೆಡ್‌ಫೋನಿನಲ್ಲಿ ತಡವಾಗಿ ಕೇಳಿ ತಾಳ ತಪ್ಪುತ್ತಿದ್ದರೆ ಅದು ಕಂಪ್ಯೂಟರಿನ ಲೆಕ್ಕದ ವಿಳಂಬ. ಪೆಟ್ಟಿಗೆಯ ಮೇಲೆಯೇ ನೇರವಾಗಿ ಕೇಳುವ ಗುಂಡಿಯಿರುತ್ತದೆ, ಅದನ್ನು ಒತ್ತಬೇಕು. ಲ್ಯಾಪ್‌ಟಾಪಿನ ಚಾರ್ಜರಿನಿಂದ ಒಮ್ಮೊಮ್ಮೆ ಜುಂಯೆಂಬ ಸದ್ದು ಸೇರುವುದುಂಟು. ಮುದ್ರಿಸುವಷ್ಟು ಹೊತ್ತು ಅದನ್ನು ಕಿತ್ತುಹಾಕಿದರಾಯಿತು.

ಸಾಫ್ಟ್‌ವೇರಿಗೆ ಮೊದಲ ದಿನವೇ ಹಣ ಸುರಿಯುವುದು ಅನಾವಶ್ಯಕ. ೨೦೦೦ದಿಂದ ಬಳಕೆಯಲ್ಲಿರುವ ಆಡಾಸಿಟಿ ಉಚಿತ. ಹಾಡು ಹಿಡಿಯಲು, ಕತ್ತರಿಸಲು, ಸೇರಿಸಲು ಅದು ಧಾರಾಳವಾಗಿ ಸಾಕು. ಆಪಲ್ ಕಂಪ್ಯೂಟರುಳ್ಳವರಿಗೆ ಗ್ಯಾರೇಜ್‌ಬ್ಯಾಂಡ್ ಬಿಟ್ಟಿ ದೊರೆಯುತ್ತದೆ. ಹಲವು ವಾದ್ಯಗಳನ್ನು ಬೇರೆಬೇರೆಯಾಗಿ ಹಿಡಿದು ಹದವಾಗಿ ಬೆರೆಸುವ ಮಟ್ಟಕ್ಕೆ ಬಂದವರು ರೀಪರ್ ಎಂಬುದನ್ನು ೬೦ ದಿನ ಪರೀಕ್ಷಿಸಿ ನೋಡಿ ಆಮೇಲೆ ಕೊಳ್ಳಬಹುದು. ಆಡಾಸಿಟಿಯಲ್ಲಿ ಒಂದು ಮಾತು ನೆನಪಿರಲಿ: 'ಸೇವ್' ಎಂದಾಗ ಉಳಿಯುವುದು ಅದರ ಸ್ವಂತ ಕಡತ, ಬೇರೆಯವರಿಗೆ ಅದು ತೆರೆಯದು. ಹಾಡಾಗಿ ಹೊರಬರಬೇಕಾದರೆ 'ಎಕ್ಸ್‌ಪೋರ್ಟ್' ಎನ್ನಬೇಕು.

ಗದ್ದಲ ತೆಗೆಯುವ ಉಪಾಯವೂ ಅದರಲ್ಲಿದೆ. ಹಾಡಿನ ಮೊದಲು ಯಾರೂ ಉಸಿರೆತ್ತದೆ ಹತ್ತು ಸೆಕೆಂಡು ಕೋಣೆಯ ಮೌನವನ್ನೇ ಮುದ್ರಿಸಿ ತೋರಿಸಿದರೆ, ಆ ಮೌನದಲ್ಲಿರುವ ಗುಂಯ್ಗುಟ್ಟುವಿಕೆಯನ್ನು ಗುರುತಿಟ್ಟುಕೊಂಡು ಹಾಡಿನಿಂದಲೂ ಸೋಸುತ್ತದೆ. ಹೆಚ್ಚು ಸೋಸಿದರೆ ಹಾಡುವವರು ನೀರಿನೊಳಗೆ ಕುಳಿತು ಹಾಡಿದಂತೆ ಆಗುತ್ತದೆ. ಉಪ್ಪಿನಂತೆ ಬಳಸಬೇಕಾದ ವಸ್ತು. ವಿಡಿಯೋ ಕರೆಗಳ ಸಾಫ್ಟ್‌ವೇರುಗಳಂತೂ ಕೇಳದೆಯೇ ಸೋಸುತ್ತವೆ; ತಂಬೂರಿಯ ಶ್ರುತಿಯನ್ನು ಫ್ಯಾನಿನ ಸದ್ದೆಂದು ಬಗೆದು ಅಳಿಸಿಹಾಕುವ ರಸಿಕತೆ ಅವುಗಳದು. ಸಂಗೀತದ ಪಾಠಕ್ಕೆ ಅವನ್ನು ಬಳಸುವವರು ಆ ಆಯ್ಕೆಯನ್ನು ಹುಡುಕಿ ತೆಗೆಯಬೇಕು.

ಇಷ್ಟೆಲ್ಲ ಬರೆದರೂ ಮೇಲೆ ಹೇಳಿದ ಸಾಮಗ್ರಿಗೆ ಕಾದು ಕುಳಿತುಕೊಳ್ಳಬೇಡಿರೆಂದು ಹೇಳುವುದೇ ನನ್ನ ಉದ್ದೇಶ. ನಮ್ಮ ದೊಡ್ಡಮ್ಮನಿಗೆ ಈಗ ಎಂಬತ್ತಮೂರು. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಗರನ್ನು ಹಳಿಯುವ ಹಾಡು, ಎಲ್ಲ ಅವರಿಗೆ ಬಾಯಿಪಾಠ. ಒಂದೂ ಕಾಗದದ ಮೇಲಿಲ್ಲ. ಇವನ್ನು ಅವರಿಗೆ ಕಲಿಸಿದವರು ಅವರ ತಾಯಿ, ನನ್ನ ಅಜ್ಜಿ. ಅಜ್ಜಿ ೨೦೦೩ರಲ್ಲಿ ತೀರಿಕೊಂಡರು. ಕಟ್ಟುಹಾಕಿಸಿದ ಅವರ ಭಾವಚಿತ್ರ ನಡುಮನೆಯ ಗೋಡೆಯ ಮೇಲಿದೆ. ಅವರ ದನಿ ಎಲ್ಲಿಯೂ ಇಲ್ಲ. ಅವರ ಹಾಡಿನ ಧಾಟಿ ಈಗ ಉಳಿದಿರುವುದು ದೊಡ್ಡಮ್ಮನ ಗಂಟಲಿನಲ್ಲಿ ಮಾತ್ರ. ಕಳೆದ ಚಳಿಗಾಲದಲ್ಲಿ ಆ ಗಂಟಲು ಕಟ್ಟಿ ಎರಡು ತಿಂಗಳು ಬಿಡಲಿಲ್ಲ. ಆಮೇಲೆ ದನಿ ಬಂತು, ಎರಡು ಹಾಡುಗಳ ಕೊನೆಯ ನುಡಿಗಳು ಹಿಂದಿರುಗಲಿಲ್ಲ. "ನಾಲಗೆಯ ತುದೀಲೇ ಇದೆ ಕಣಪ್ಪ" ಎನ್ನುತ್ತಾರೆ.

ಅವರನ್ನು ಮೈಕಿನ ಮುಂದೆ ಕೂರಿಸಿದರೆ ಇನ್ನೊಂದು ತೊಡಕು. "ಇದನ್ನ ಮೂತಿ ಹತ್ರ ತಂದಿಟ್ರೆ ಹಾಡು ಹ್ಯಾಗೋ ಬರುತ್ತೆ?" ಎಂದು ಸೆರಗು ಹೊದ್ದು, ಬೆನ್ನು ನೆಟ್ಟಗೆ ಮಾಡಿ, ಭಜನೆಯ ಸ್ಪರ್ಧೆಗೆ ಬಂದವರಂತೆ ಬಿಗಿದುಕೊಂಡು ಹಾಡಿದರು. ಸ್ವರ ಸರಿ, ಜೀವವಿಲ್ಲ. ನನ್ನ ಅಕ್ಕ, ಅಂದರೆ ದೊಡ್ಡಮ್ಮನ ಮಗಳು, ಒಂದು ಹಿಡಿ ಹತ್ತಿಯನ್ನು ತಂದು ಅವರ ಮಡಿಲಿಗೆ ಹಾಕಿದಳು. "ಅವನ ಕೆಲಸ ಅವನು ಮಾಡಿಕೊಳ್ಳಲಿ, ನೀನು ನಾಳೆಗೆ ಬತ್ತಿ ಹೊಸಿಯಮ್ಮ." ಕೈಗೆ ಕೆಲಸ ಸಿಕ್ಕಿದ ಕೂಡಲೇ ಬೆನ್ನು ಸಡಿಲವಾಯಿತು; ಕಣ್ಣು ಮೈಕನ್ನು ಮರೆಯಿತು; ಹಾಡು ತನ್ನ ದಾರಿಯಲ್ಲಿ ತಾನು ಬಂತು. ಬತ್ತಿ ಹೊಸೆಯುವುದು, ಹೂ ಕಟ್ಟುವುದು: ಇಂಥ ಸದ್ದಿಲ್ಲದ ಕೆಲಸವನ್ನೇ ಕೊಡಬೇಕು. ಕೊಬ್ಬರಿ ತುರಿಯಲು ಕೊಟ್ಟರೆ ಕೆಟ್ಟಿತು.

ಹಸೆಯ ಹಾಡಿನ ನಡುವೆ ಅಡಿಗೆಮನೆಯಲ್ಲಿ ಕುಕ್ಕರು ಕೂಗಿತು. ದೊಡ್ಡಮ್ಮ ಸ್ವರ ಬಿಡದೆ, ಹಾಡಿನ ಸಾಲಿಗೆ ಜೋಡಿಸಿದಂತೆ, "ಮೂರಾಯ್ತು ಆರಿಸೇ" ಎಂದು ಮುಂದಿನ ನುಡಿಗೆ ಹೋದರು. ಸಾಫ್ಟ್‌ವೇರಿನಲ್ಲಿ ಅದನ್ನು ಕತ್ತರಿಸಲು ಅರೆಗಳಿಗೆ ಸಾಕು. ಕತ್ತರಿಸು ಎಂದಳು ಅಕ್ಕ. ನೆಂಟರಿಗೆ ಕಳುಹಿಸುವ ಪ್ರತಿಯಲ್ಲಿ ಕತ್ತರಿಸಿದ್ದೇನೆ, ಮೂಲವನ್ನು ಮುಟ್ಟಿಲ್ಲ. ಮೂಲವನ್ನು ಎಂದಿಗೂ ಮುಟ್ಟಬಾರದು. ಸೋಸುವುದು, ಕೊಯ್ಯುವುದು, ಏರಿಸುವುದು ಎಲ್ಲ ಅದರ ನಕಲಿನ ಮೇಲೆ ನಡೆಯಲಿ. ಇಪ್ಪತ್ತು ವರ್ಷಗಳ ಮೇಲೆ ಮಕ್ಕಳಿಗೆ ಹಾಡಿಗಿಂತ ಆ "ಆರಿಸೇ" ಎಂಬ ಮಾತೇ ಹೆಚ್ಚು ಬೇಕಾಗಬಹುದು.

ಅಂದು ಮೈಕು ಸಿಗದಿದ್ದರೆ ಫೋನೇ ಆಗಲಿ. ವಿಮಾನದ ಗುರುತನ್ನು ಒತ್ತಿ ಕರೆಗಳು ಬಾರದಂತೆ ಮಾಡಿ, ಮಡಿಸಿದ ಟವಲಿನ ಮೇಲೆ ಒಂದು ಗೇಣಿನ ದೂರದಲ್ಲಿಟ್ಟು, ಮೇಲೆ ಹೇಳಿದ ಕೌದಿ, ಕಿಟಕಿ, ಹೊತ್ತುಗಳ ನಿಯಮವನ್ನು ಪಾಲಿಸಿದರೆ ಸಾಕು.

ಇನ್ನು ಹೆಸರು ಬರೆಯುವ ಕೆಲಸ. ೧೯೦೨ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲೊಂದರ ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿದರು. ನಮ್ಮ ದೇಶದಲ್ಲಿ ತಟ್ಟೆಗಳ ಮೇಲೆ ಹಾಡು ಹಿಡಿಯುವ ವ್ಯಾಪಾರ ಮೊದಲಾದದ್ದೂ ಇಂಥ ತಾತ್ಕಾಲಿಕ ಕೋಣೆಯಲ್ಲಿಯೇ ಎಂಬುದನ್ನು ಮನೆಯ ಸ್ಟುಡಿಯೋದವರು ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಆಗ ಮುದ್ರಣಕ್ಕೆ ಮೈಕು ಇರಲಿಲ್ಲ. ದೊಡ್ಡ ತುತ್ತೂರಿಯೊಳಕ್ಕೆ ಮುಖವಿಟ್ಟು, ಸುಮಾರು ಮೂರು ನಿಮಿಷದೊಳಗೆ ರಾಗವನ್ನು ಮುಗಿಸಬೇಕಾಗಿತ್ತು. ಮುಗಿದೊಡನೆ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಜರ್ಮನಿಯ ಹ್ಯಾನೋವರಿನಲ್ಲಿ ತಟ್ಟೆಗಳನ್ನು ಅಚ್ಚುಹಾಕುವವರಿಗೆ ಯಾರ ಹಾಡೆಂಬುದು ತಿಳಿಯಬೇಕಲ್ಲ! ಅದೇ ಗೌಹರ್ ಜಾನ್ ೧೯೨೮ರಲ್ಲಿ ಮೈಸೂರು ಅರಮನೆಯ ಆ‌ಸ್ಥಾನಕ್ಕೆ ಬಂದು, ೧೯೩೦ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಆಕೆಯ ದನಿಯೂ ಹೆಸರೂ ಒಟ್ಟಿಗೆ ಉಳಿದಿವೆ.

ನನ್ನ ವಿದ್ಯಾರ್ಥಿಗಳು ತರುವ ಕಡತಗಳ ಹೆಸರು 'ಹೊಸ ಮುದ್ರಣ ೧೭' ಎಂದೇನೋ ಇರುತ್ತದೆ. ಯಾರ ಅಜ್ಜಿ, ಯಾವ ಊರು, ಯಾವ ಸಂದರ್ಭದ ಹಾಡು, ಒಂದೂ ಇಲ್ಲ. ಆದುದರಿಂದ ಹಾಡಿಗೆ ಮೊದಲು ಹಾಡುವವರ ಬಾಯಿಂದಲೇ ಹೆಸರು, ಊರು, ಹಾಡನ್ನು ಕಲಿಸಿದವರು ಯಾರು ಎಂಬುದನ್ನು ಹೇಳಿಸಬೇಕು; ದಿನಾಂಕವನ್ನು ನೀವು ಹೇಳಿದರೂ ಸರಿಯೆ. ಕಡತಕ್ಕೂ ಅದನ್ನೇ ಹೆಸರಾಗಿಡಬೇಕು. ದೊಡ್ಡಮ್ಮ ತಮ್ಮ ಹೆಸರು, ತಮ್ಮ ತಾಯಿಯ ಹೆಸರು, ತೌರೂರಿನ ಹೆಸರು ಎಲ್ಲ ಹೇಳಿದರು. ಯಜಮಾನರ ಹೆಸರಿಗೆ ಬಂದಾಗ, "ಅದನ್ನ ನೀನೇ ಹೇಳ್ಕೊಳಪ್ಪ" ಎಂದರು. ಅದೂ ಮುದ್ರಿತವಾಗಿದೆ.

ಉಳಿಸುವಾಗ ಮೂಲವನ್ನು ವೇವ್ ಕಡತವಾಗಿಯೇ ಇಡಬೇಕು. ಎಂ.ಪಿ. ೩ ಎಂಬುದು ಜಾಗ ಉಳಿಸಲು ದನಿಯ ಕೆಲವು ಅಂಶಗಳನ್ನು ಎಸೆದುಬಿಡುತ್ತದೆ. ವಾಟ್ಸಾಪಿನಲ್ಲಿ ನೆಂಟರಿಗೆ ಹಂಚಲು ಅದಾಗಬಹುದು. ಫೋನು ಕಳೆಯುತ್ತದೆ, ಪೆನ್‌ಡ್ರೈವು ಕೆಡುತ್ತದೆ, ಲ್ಯಾಪ್‌ಟಾಪಿನ ಮೇಲೆ ಕಾಫಿ ಚೆಲ್ಲುತ್ತದೆ. ಮೂರು ಪ್ರತಿಗಳನ್ನು ಮಾಡಿ, ಅವುಗಳಲ್ಲಿ ಒಂದು ಬೇರೆ ಮನೆಯಲ್ಲಿರಲಿ. ದೊಡ್ಡಮ್ಮನ ಹಾಡುಗಳ ಒಂದು ಪ್ರತಿ ನನ್ನಲ್ಲಿದೆ, ಒಂದು ಅಕ್ಕನ ಬೀರುವಿನಲ್ಲಿ; ಮೂರನೆಯದನ್ನು ಬರುವ ಭಾನುವಾರ ತುಮಕೂರಿಗೆ ಹೋಗುವ ನನ್ನ ತಮ್ಮನ ಕೈಯಲ್ಲಿ ಕಳುಹಿಸುವುದೆಂದಾಗಿದೆ.